ಬಳೆ ಅಡ ಇಡುವ ಮುಂಚೆ ಗಾಡಿಯ ಕೆಳಗೆ ಬಗ್ಗಿ ನೋಡಿ!

ಮಿಕ್ಸಿ ಕೊಳ್ಳೋಕೆ ನಾಲ್ಕು ಅಂಗಡಿ ಸುತ್ತುತ್ತೇವೆ. ಸೀರೆ ಅಂದ್ರಂತೂ ಕೇಳಲೇಬೇಡಿ. ಆದರೆ ಮೂರು ನಾಲ್ಕು ಲಕ್ಷ ಕೊಟ್ಟು ಹಳೇ ಗೂಡ್ಸ್ ಗಾಡಿ ಮನೆ ಮುಂದೆ ಬಂದು ನಿಲ್ಲುತ್ತೆ ಅಂದಾಗ ಮಾತ್ರ 'ಅದೆಲ್ಲಾ ಗಂಡಸರ ವಿಷಯ' ಅಂತ ಬ್ರೋಕರ್‌ಗೆ ಕಾಫಿ ಕೊಟ್ಟು ಒಳಗೆ ಹೋಗಿಬಿಡ್ತೇವೆ. ಸರಿ, ಗಾಡಿ ಗಂಡಸರದ್ದೇ ಇರಲಿ. ಮುಂಗಡಕ್ಕೆ ಅಡ ಇಡೋದು ಯಾರ ಬಳೆ? ಸಾಲದ ಕಾಗದಕ್ಕೆ ಜೊತೆಯಲ್ಲಿ ಸಹಿ ಹಾಕೋದು ಯಾರು? ಗಾಡಿ ಗ್ಯಾರೇಜಿನಲ್ಲಿ ಮಲಗಿದ ತಿಂಗಳು ಮಕ್ಕಳ ಫೀಸಿಗೆ ಚೀಟಿ ಎತ್ತೋದು ಯಾರು?

ಈಗ ಗೂಡ್ಸ್ ಗಾಡಿ ಅಂದ್ರೆ ಬರೀ ಟ್ರಾನ್ಸ್‌ಪೋರ್ಟ್‌ನವರ ಸೊತ್ತಲ್ಲ. ಮನೆಯಲ್ಲೇ ಕೇಟರಿಂಗ್ ಮಾಡೋರು, ಹಪ್ಪಳ ಸಂಡಿಗೆ ಅಂಗಡಿಗಳಿಗೆ ಹಾಕೋರು, ಶಾಮಿಯಾನ ಬಾಡಿಗೆ ಕೊಡೋರು, ವಾಟರ್ ಕ್ಯಾನ್ ಏಜೆನ್ಸಿ ಇಟ್ಟುಕೊಂಡೋರು, ಕೆಲಸ ಬಿಟ್ಟು ಸ್ವಂತ ದುಡಿಮೆ ಅಂತ ಹೊರಟ ಗಂಡ, ಡಿಗ್ರಿ ಮುಗಿಸಿ ಕೂತ ಮಗ, ಹೀಗೆ ಎಷ್ಟೋ ಮನೆಗಳಲ್ಲಿ ಈ ಮಾತು ಬಂದೇ ಬರುತ್ತೆ. ಹೊಸ ಗಾಡಿಗೆ ಕೈ ಎಟುಕದಿದ್ದಾಗ ಸೆಕೆಂಡ್ ಹ್ಯಾಂಡ್ ನೋಡೋದರಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿ ನೋಡಿಕೊಂಡ ಡೀಸೆಲ್ ಎಂಜಿನ್ ಲಕ್ಷಗಟ್ಟಲೆ ಕಿಲೋಮೀಟರ್ ದುಡಿದು ಕೊಡುತ್ತೆ. ಕೆಟ್ಟದಾಗಿ ನೋಡಿಕೊಂಡದ್ದು ಮಾತ್ರ ಮನೆಯನ್ನೇ ತಿಂದುಹಾಕುತ್ತೆ.

ನಮ್ಮ ಪಕ್ಕದ ರಸ್ತೆಯ ಗೆಳತಿಯೊಬ್ಬರು ಚಪಾತಿ, ಹೋಳಿಗೆ ಮಾಡಿ ಅಂಗಡಿಗಳಿಗೆ, ಹಾಸ್ಟೆಲ್‌ಗಳಿಗೆ ಕಳಿಸ್ತಾರೆ. ಬಾಡಿಗೆ ಆಟೋಗೆ ಕೊಡೋ ದುಡ್ಡಲ್ಲಿ ಸ್ವಂತ ಗಾಡಿಯ ಕಂತು ಕಟ್ಟಬಹುದು ಅನ್ನೋದು ಅವರ ಲೆಕ್ಕ. ಲೆಕ್ಕವೇನೋ ಸರಿಯಾಗೇ ಇತ್ತು. ನಾಲ್ಕು ಬಳೆ ಬ್ಯಾಂಕಿನಲ್ಲಿಟ್ಟು ಅವರ ಯಜಮಾನರು ಪಿಕಪ್ ಒಂದನ್ನು ತಂದರು. ಪೇಂಟ್ ಫಳಫಳ, ಸೀಟ್ ಕವರ್ ಹೊಸದು. 'ಸಿಂಗಲ್ ಓನರ್ ಮೇಡಂ, ಬರೀ ತರಕಾರಿ ಓಡಿಸಿರೋದು' ಅಂದಿದ್ದನಂತೆ ಬ್ರೋಕರ್. ಮೂರನೇ ವಾರಕ್ಕೆ ಕ್ಲಚ್. ಎರಡನೇ ತಿಂಗಳಿಗೆ ಹೆಡ್ ಗ್ಯಾಸ್ಕೆಟ್. ಆಮೇಲೆ ಕೆಳಗೆ ಬಗ್ಗಿ ನೋಡಿದ ಮೇಸ್ತ್ರಿ ಹೇಳಿದ್ದು, ಚಾಸಿಗೆ ಎರಡು ಕಡೆ ವೆಲ್ಡಿಂಗ್ ಆಗಿದೆ ಅಂತ. ತರಕಾರಿ ಅಲ್ಲ, ಎಂ ಸ್ಯಾಂಡ್ ಹೊಡೆದಿದ್ದ ಗಾಡಿ ಅದು. ಒಂದು ಕಡೆ ಕಂತು, ಇನ್ನೊಂದು ಕಡೆ ಚಿನ್ನದ ಬಡ್ಡಿ, ಸಾಲದ್ದಕ್ಕೆ ಡೆಲಿವರಿಗೆ ಮತ್ತೆ ಬಾಡಿಗೆ ಆಟೋ! ಅವರು ಕೊನೆಗೆ ಆರು ತಿಂಗಳಲ್ಲಿ ಅದನ್ನು ಸಿಕ್ಕಿದ ರೇಟಿಗೆ ಮಾರಿದರು. ಅದರ ಕಥೆ ಅಲ್ಲಿಗೇ ಮುಗಿಯಲಿಲ್ಲ, ಮುಂದೆ ಹೇಳ್ತೀನಿ.

ಯಾವ ಗಾಡಿ?

ನಮ್ಮ ಕಡೆ ಹೆಚ್ಚು ಕಣ್ಣಿಗೆ ಬೀಳೋದು ಮೂರು. 2005ರಲ್ಲಿ ಬಂದ ಟಾಟಾ ಏಸ್, ಎಲ್ಲರ ಬಾಯಲ್ಲಿ 'ಛೋಟಾ ಹಾಥಿ'. ಹಳೆಯ ಏಸ್‌ನದ್ದು ಎರಡೇ ಸಿಲಿಂಡರಿನ 702 ಸಿಸಿ ಡೀಸೆಲ್ ಎಂಜಿನ್, ಟರ್ಬೊ ಇಲ್ಲ. ಸಣ್ಣ ಗಲ್ಲಿಗೆ, ಮುಕ್ಕಾಲು ಟನ್‌ನ ಒಳಗಿನ ಲೋಡಿಗೆ ಹೇಳಿ ಮಾಡಿಸಿದ್ದು. ಅದಕ್ಕಿಂತ ದೊಡ್ಡದು 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್, ಮೂರು ಸಿಲಿಂಡರಿನ 1478 ಸಿಸಿ ಟರ್ಬೊ ಎಂಜಿನ್. ಇನ್ನೊಂದು ಮಹೀಂದ್ರಾ ಬೊಲೆರೊ ಪಿಕಪ್, ನಾಲ್ಕು ಸಿಲಿಂಡರ್, 2523 ಸಿಸಿ. ಹಳ್ಳಿ ರಸ್ತೆ, ಘಾಟಿ, ಒಂದೂಕಾಲು ಟನ್‌ಗೂ ಹೆಚ್ಚಿನ ಲೋಡು ಅಂದ್ರೆ ಜನ ಇದರ ಕಡೆಗೇ ಹೋಗ್ತಾರೆ.

ಯಾವುದು ಒಳ್ಳೇದು ಅಂತ ಕೇಳಬೇಡಿ, ನಿಮ್ಮ ಲೋಡು ಎಷ್ಟು ಅಂತ ಮೊದಲು ತೂಗಿ ನೋಡಿ. ಐವತ್ತು ಕ್ರೇಟ್ ಚಪಾತಿಗೆ ಬೊಲೆರೊ ಬೇಕಿಲ್ಲ. ಶಾಮಿಯಾನದ ಕಬ್ಬಿಣದ ಪೈಪಿಗೆ ಏಸ್ ಸಾಕಾಗೋದಿಲ್ಲ. ಸಾಕಾಗದ ಗಾಡಿಗೆ ತುಂಬಿದರೆ ಎಂಜಿನ್, ಕ್ಲಚ್, ಬ್ರೇಕ್ ಎಲ್ಲವೂ ಒಟ್ಟಿಗೇ ಸವೆಯುತ್ತೆ. ಇನ್ನೊಂದು ಮಾತು. ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್ ಮಾತ್ರ, ಅದೂ ಪೇಟೆಯೊಳಗೇ ಓಡಿಸೋರಿಗೆ ಡೀಸೆಲ್ಲೇ ಬೇಕು ಅಂತೇನಿಲ್ಲ. ಪೆಟ್ರೋಲ್, ಸಿಎನ್‌ಜಿ ಸಣ್ಣ ಗಾಡಿಗಳೂ ಸಿಗುತ್ತವೆ. ಡೀಸೆಲ್‌ನ ಲಾಭ ಸಿಗೋದು ಹೆಚ್ಚು ಓಡಿಸೋರಿಗೆ, ಹೆಚ್ಚು ಹೊರೋರಿಗೆ.

ಪೂರ್ವಾಶ್ರಮ ವಿಚಾರಿಸಿ

ಸೊಸೆ ತರುವಾಗ ಮನೆತನ ವಿಚಾರಿಸೋ ಹಾಗೆ, ಗಾಡಿ ತರುವಾಗ ಅದು ಏನು ಹೊತ್ತಿತ್ತು ಅಂತ ವಿಚಾರಿಸಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆ ಮೀನು ಸಾಗಿಸಿದ ಗಾಡಿಗೆ ಮೇಲಿಂದ ಎಷ್ಟೇ ಪೇಂಟ್ ಹೊಡೆದರೂ ಉಪ್ಪು ನೀರು ಸೋರಿ ಸೋರಿ ಚಾಸಿ ತುಕ್ಕು ಹಿಡಿದಿರುತ್ತೆ. ಮರಳು, ಜಲ್ಲಿ, ಸಿಮೆಂಟ್ ಹೊತ್ತ ಗಾಡಿಗೆ ಮಿತಿ ಮೀರಿದ ಭಾರ, ಮೇಲೆ ಧೂಳು ಬೇರೆ. ಬೇಕರಿ, ಕೊರಿಯರ್, ಬಟ್ಟೆ ಸಾಗಿಸಿದ್ದಾದರೆ ಭಾರ ಕಮ್ಮಿ, ಆದರೆ ಪೇಟೆ ಟ್ರಾಫಿಕ್ಕಲ್ಲಿ ಕ್ಲಚ್ ಸವೆದಿರುತ್ತೆ. ಗಾಡಿಯ ಹಿಂಭಾಗದ ಲೋಡ್ ಬಾಡಿಯ ಮೂಲೆಗಳನ್ನು ಬೆರಳಲ್ಲಿ ಕೆರೆದು ನೋಡಿ, ಮರಳಿನ ಕಣವೋ, ಮೀನಿನ ವಾಸನೆಯೋ, ಸಿಮೆಂಟಿನ ಪುಡಿಯೋ ಸಿಕ್ಕೇ ಸಿಗುತ್ತೆ. ಇದಕ್ಕೆ ಮೆಕ್ಯಾನಿಕ್ ಬೇಡ. ಡಬ್ಬಿಯಲ್ಲಿ ಹಿಂದೆ ಏನಿತ್ತು ಅಂತ ಮೂಸಿ ಹೇಳೋ ನಮಗೆ ಇದೇನು ದೊಡ್ಡ ವಿಷಯ!

ಮೀಟರ್ ಓದಿದ್ದನ್ನು ನಂಬಬೇಡಿ. ನೀವೇ ಲೆಕ್ಕ ಹಾಕಿ. ದಿನಕ್ಕೆ 100 ಕಿ.ಮೀ. ಅಂದ್ರೆ ವರ್ಷಕ್ಕೆ 300 ದಿನದಲ್ಲಿ 30 ಸಾವಿರ. ನಾಲ್ಕು ವರ್ಷದ ಗಾಡಿ ಅಂದ್ರೆ 1 ಲಕ್ಷ 20 ಸಾವಿರ. ಬಾಡಿಗೆಗೆ ಓಡಿದ ಗಾಡಿಯ ಮೀಟರ್ 48 ಸಾವಿರ ತೋರಿಸ್ತಿದ್ರೆ ಕ್ಲಚ್, ಬ್ರೇಕ್ ಪೆಡಲ್‌ಗಳ ರಬ್ಬರ್ ನೋಡಿ. ರಬ್ಬರ್ ನುಣ್ಣಗಾಗಿ ಕಬ್ಬಿಣ ಇಣುಕ್ತಾ ಇದ್ರೆ, ಸ್ಟಿಯರಿಂಗ್ ಹಿಡಿ ಸವೆದು ಹೊಳೀತಿದ್ರೆ ಮೀಟರ್ ಸುಳ್ಳು ಹೇಳ್ತಿದೆ ಅಂತಲೇ ಅರ್ಥ. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಗಾಡಿ ಬಿಟ್ಟಿದ್ದಿದ್ದರೆ ಅಲ್ಲಿ ದಾಖಲೆ ಇರುತ್ತೆ. ಅದರ ಪ್ರತಿಯನ್ನು ಓನರ್ ಕೈಯಿಂದಲೇ ಕೇಳಿ ತರಿಸಿ. 'ಹೊರಗಡೆನೇ ಮಾಡಿಸಿದ್ದು' ಅಂದ್ರೆ ಬಿಲ್ಲಾದರೂ ತೋರಿಸಲಿ.

ಬೆಳಿಗ್ಗೆ ಬೆಳಿಗ್ಗೆನೇ ಹೋಗಿ

ಡೀಸೆಲ್ ಎಂಜಿನ್‌ನ ಬಂಡವಾಳ ಬಯಲಾಗೋದು ಅದು ತಣ್ಣಗಿರುವಾಗ. ಮಧ್ಯಾಹ್ನ ಹೋದರೆ ಆಗಲೇ ಓಡಿಸಿ, ಬಿಸಿ ಮಾಡಿ ಇಟ್ಟಿರ್ತಾರೆ. ಬೆಳಿಗ್ಗೆ ಏಳಕ್ಕೆ ಹೋಗಿ, 'ನಾವು ಬರೋ ತನಕ ಸ್ಟಾರ್ಟ್ ಮಾಡಬೇಡಿ' ಅಂತ ಹಿಂದಿನ ದಿನವೇ ಹೇಳಿರಿ. ಹೋದ ತಕ್ಷಣ ಎಂಜಿನ್ ಇರುವ ಜಾಗ ಮುಟ್ಟಿ ನೋಡಿ, ಬೆಚ್ಚಗಿದ್ರೆ ಏನೋ ಮುಚ್ಚಿಡ್ತಿದ್ದಾರೆ. (ಏಸ್, ದೋಸ್ತ್‌ಗಳಲ್ಲಿ ಎಂಜಿನ್ ಸೀಟಿನ ಕೆಳಗಿರುತ್ತೆ, ಬೊಲೆರೊದಲ್ಲಿ ಮುಂದೆ ಬಾನೆಟ್ ಒಳಗೆ.) ಒಂದೆರಡು ಸಲ ಕೀ ತಿರುಗಿಸಿದಾಗಲೇ ಹಿಡೀಬೇಕು. ಎಳೆದು ಎಳೆದು, ಬ್ಯಾಟರಿ ಸುಸ್ತಾಗಿ ಆಮೇಲೆ ಸ್ಟಾರ್ಟ್ ಆದ್ರೆ ಬ್ಯಾಟರಿ, ಗ್ಲೋ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಯಾವುದಾದರೂ ಕೈಕೊಟ್ಟಿದೆ. ಮೊದಲ ಎರಡಾದ್ರೆ ಸಣ್ಣ ಖರ್ಚು, ಕೊನೆಯ ಎರಡಾದ್ರೆ ದೊಡ್ಡದು.

ಆಮೇಲೆ ಹಿಂದೆ ಹೋಗಿ ಹೊಗೆ ನೋಡಿ. ಚಳಿ ಹೊತ್ತಲ್ಲಿ ಶುರುವಿಗೆ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆ ಬೇಡ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಸ್ವಲ್ಪ ಸಿಹಿ ವಾಸನೆ ಬರ್ತಿದ್ರೆ ಕೂಲೆಂಟ್ ಒಳಗೆ ಹೋಗಿ ಸುಡ್ತಿರಬಹುದು. ನೀಲಿ ಹೊಗೆ ಅಂದ್ರೆ ಎಂಜಿನ್ ಆಯಿಲ್ಲೇ ಉರೀತಿದೆ, ಪಿಸ್ಟನ್ ರಿಂಗೋ ಟರ್ಬೊವೋ ಸವೆದಿದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ದಟ್ಟ ಕಪ್ಪು ಹೊಗೆ ಅಂದ್ರೆ ಡೀಸೆಲ್ ಸರಿಯಾಗಿ ಸುಡ್ತಿಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಹಾಗಾಗುತ್ತೆ, ಇಂಜೆಕ್ಟರ್ ಕೆಟ್ಟರೂ ಹಾಗಾಗುತ್ತೆ. ಮೂರರಲ್ಲಿ ನೀಲಿಯದ್ದೇ ನನಗೆ ಹೆಚ್ಚು ಭಯ. ಅದಕ್ಕೆ ಎಂಜಿನ್ ಪೂರ್ತಿ ಬಿಚ್ಚುವ ಕೆಲಸವೇ ಬರಬಹುದು.

ಇನ್ನು ಆಯಿಲ್. ಕಡ್ಡಿ ಹೊರಗೆಳೆದು ನೋಡಿದಾಗ ಕಪ್ಪಗಿದೆ ಅಂತ ಗಾಬರಿ ಆಗಬೇಡಿ, ಡೀಸೆಲ್ ಗಾಡಿಯಲ್ಲಿ ಆಯಿಲ್ ಬೇಗ ಕಪ್ಪಾಗುತ್ತೆ. ಗಾಬರಿ ಆಗಬೇಕಾದ್ದು ಅದು ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ. ಅಂದ್ರೆ ಆಯಿಲ್‌ಗೆ ನೀರು ಸೇರಿದೆ. ಕುಕ್ಕರಿನ ಗ್ಯಾಸ್ಕೆಟ್ ಹೋದ್ರೆ ಪಕ್ಕದಿಂದ ಹಬೆ ಸೋರುತ್ತಲ್ಲ, ಹಾಗೇ ಎಂಜಿನ್‌ಗೂ ಒಂದು ಗ್ಯಾಸ್ಕೆಟ್ ಇದೆ. ಅದು ಹೋದರೆ ನೀರು, ಆಯಿಲ್ ಎರಡೂ ಬೆರೆತುಹೋಗುತ್ತೆ. ಆದರೆ ಕುಕ್ಕರಿನದು ನೂರಿನ್ನೂರಕ್ಕೆ ಮುಗಿಯುತ್ತೆ, ಇದು ಹಾಗಲ್ಲ. ಗ್ಯಾಸ್ಕೆಟ್ ಸಣ್ಣ ಸಾಮಾನೇ, ಅದನ್ನು ಹಾಕೋಕೆ ಎಂಜಿನ್‌ನ ತಲೆ ಬಿಚ್ಚಬೇಕು, ತಲೆ ಬಿಸಿಗೆ ಸೊಟ್ಟಗಾಗಿದ್ದರೆ ಲೇತ್‌ಗೆ ಕೊಟ್ಟು ಸಮ ಮಾಡಿಸಬೇಕು.

ಕೂಲೆಂಟ್ ಟ್ಯಾಂಕಿನಲ್ಲಿ ಬಣ್ಣದ ಕೂಲೆಂಟ್ ಇರಬೇಕು. ತುಕ್ಕು ಬಣ್ಣದ ನಲ್ಲಿ ನೀರಿದ್ದರೆ, ಮೇಲೆ ಎಣ್ಣೆ ಜಿಡ್ಡು ತೇಲ್ತಿದ್ದರೆ ಹುಷಾರು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಯಾರೂ ತೆಗೀಬೇಡಿ, ಮುಖಕ್ಕೆ ಸಿಡಿಯುತ್ತೆ. ಎಂಜಿನ್ ಓಡ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಮೆಕ್ಯಾನಿಕ್ ಕೈಯಲ್ಲಿ ತೆಗೆಸಿ. ಸಣ್ಣಗೆ ಆವಿ ಬಂದರೆ ಸರಿ. ಇಡ್ಲಿ ಪಾತ್ರೆ ತೆಗೆದ ಹಾಗೆ ಬುಸುಬುಸು ಅಂತ ಹೊಗೆ ನುಗ್ಗಿದರೆ ರಿಂಗ್ ಸವೆದಿದೆ, ರೇಟ್ ಎಷ್ಟೇ ಕಮ್ಮಿ ಮಾಡಿದರೂ ಬೇಡ.

ಅಂದಹಾಗೆ, ಮೆಕ್ಯಾನಿಕ್ ನಿಮ್ಮವನಾಗಿರಲಿ. ಮಾರೋನು ಕರೆತಂದ ಮೆಕ್ಯಾನಿಕ್ ಗಾಡಿ ಚೆನ್ನಾಗಿಲ್ಲ ಅಂತ ಯಾವತ್ತಾದರೂ ಹೇಳಿದ್ದುಂಟೇ? ಅದೇ ಮಾಡೆಲ್ ಗಾಡಿ ದಿನಾ ಬಿಚ್ಚಿ ಕಟ್ಟುವ ಮೇಸ್ತ್ರಿಯನ್ನು ಒಂದು ದಿನದ ಕೂಲಿ ಕೊಟ್ಟು ಕರ್ಕೊಂಡು ಹೋಗಿ. ಸಾವಿರ, ಒಂದೂವರೆ ಸಾವಿರ ಖರ್ಚಾದರೂ ಬೇಜಾರು ಮಾಡ್ಕೋಬೇಡಿ.

ಕೆಳಗೂ ನೋಡಿ, ಲೋಡ್ ಹಾಕಿಯೂ ನೋಡಿ

ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರ ನಿಂತು ನೋಡಿ. ಒಂದು ಪಕ್ಕಕ್ಕೆ ವಾಲಿದೆಯಾ? ಚಕ್ರದ ಮೇಲಿರುವ ಕಮಾನು ಪಟ್ಟಿಗಳನ್ನು ಎಣಿಸಿ, ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಹೆಚ್ಚು ಪಟ್ಟಿ ಸೇರಿಸಿದ್ದರೆ ಓವರ್‌ಲೋಡ್ ಹೊತ್ತ ಗಾಡಿ ಅಂತ ಅದೇ ಸಾಕ್ಷಿ. ಪೆಟ್ಟಿಗೆಯ ಕೆಳಗೆ ಉದ್ದಕ್ಕೆ ಎರಡು ಕಬ್ಬಿಣದ ತೊಲೆಗಳ ಹಾಗೆ ಇರೋದೇ ಚಾಸಿ. ಅದರಲ್ಲಿ ಬಿರುಕು, ವೆಲ್ಡಿಂಗ್ ಗಂಟು, ಒಂದೇ ಜಾಗದಲ್ಲಿ ಹೊಸ ಕಪ್ಪು ಪೇಂಟ್ ಕಂಡರೆ ಮಾತು ಅಲ್ಲಿಗೇ ನಿಲ್ಲಿಸಿ. ಎಂಜಿನ್ ಕೆಟ್ಟರೆ ಕಟ್ಟಿಸಬಹುದು, ಬೆನ್ನುಮೂಳೆ ಮುರಿದ ಗಾಡಿಗೆ ಭಾರ ಹೊರಿಸೋದು ಪ್ರಾಣಕ್ಕೇ ಅಪಾಯ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತೆ. 2321 ಅಂತ ಇದ್ದರೆ 2021ರ 23ನೇ ವಾರ ತಯಾರಾದ ಟೈರು. ಸ್ಟೆಪ್ನಿ ಸೇರಿಸಿ ಎಲ್ಲವನ್ನೂ ನೋಡಿ, ಬದಲಾಯಿಸಬೇಕಾದ ಟೈರಿನ ದುಡ್ಡನ್ನು ರೇಟಿನಲ್ಲೇ ಕಳೀರಿ. ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಅಲೈನ್‌ಮೆಂಟ್ ಆದರೂ ಹೋಗಿದೆ, ಇಲ್ಲಾ ಮುಂದಿನ ಕೀಲುಗಳು ಸಡಿಲವಾಗಿವೆ.

ಓಡಿಸಿ ನೋಡೋದು ಅಂದ್ರೆ ಖಾಲಿ ಗಾಡಿಯಲ್ಲಿ ಬೀದಿ ಸುತ್ತಿ ಬರೋದಲ್ಲ. ಖಾಲಿ ಇದ್ದಾಗ ಯಾವ ಗಾಡಿಯೂ ಚೆನ್ನಾಗೇ ಓಡುತ್ತೆ. ನೀವು ದಿನಾ ಹೊರಿಸೋಷ್ಟು ಭಾರ, ಅಕ್ಕಿ ಮೂಟೆಯೋ ನೀರಿನ ಕ್ಯಾನೋ, ತುಂಬಿಸಿ ಒಂದು ಏರು ಹತ್ತಿಸಿ. ಎಂಜಿನ್ ಕಿರುಚುತ್ತೆ ಆದರೆ ಗಾಡಿ ಮುಂದೆ ಹೋಗಲ್ಲ ಅಂದ್ರೆ ಕ್ಲಚ್ ಜಾರ್ತಿದೆ. ಅರ್ಧ ಗಂಟೆ ಓಡಿದ ಮೇಲೆ ಟೆಂಪರೇಚರ್ ಮುಳ್ಳು ಎಲ್ಲಿದೆ ಅಂತ ನೋಡಿ. ಬ್ರೇಕ್ ಹಾಕಿದಾಗ ಒಂದು ಕಡೆಗೆ ಎಳೀತಾ? ಗೇರ್ ಹಾಕಿದ್ದು ತಾನಾಗೇ ಹೊರಗೆ ಬರ್ತಾ? ವಾಪಸ್ ಬಂದು ನಿಲ್ಲಿಸಿದ ಜಾಗದಲ್ಲಿ ಒಂದು ಹಳೇ ಪೇಪರ್ ಹಾಸಿ, ಕಾಲು ಗಂಟೆ ಬಿಟ್ಟು ತೊಟ್ಟು ಬಿದ್ದಿದೆಯಾ ನೋಡಿ. ನಮ್ಮ ಗೆಳತಿ ಎರಡನೇ ಗಾಡಿ ಕೊಳ್ಳುವಾಗ (ಹೌದು, ಆಕೆ ಮತ್ತೆ ಕೊಂಡರು!) ತಾವೇ ಡ್ರೈವರ್ ಪಕ್ಕ ಕೂತು, ಹನ್ನೆರಡು ಮೂಟೆ ಗೋಧಿ ಹಿಟ್ಟು ಹಾಕಿಸಿ ಫ್ಲೈಓವರ್ ಹತ್ತಿಸಿದರಂತೆ. ಮಾರೋನ ಮುಖ ನೋಡೋ ಹಾಗಿತ್ತು ಅಂತ ಈಗಲೂ ನಗ್ತಾರೆ.

ಬಿಎಸ್ 4 ಒಳ್ಳೇದಾ, 6 ಒಳ್ಳೇದಾ?

ಹೊಗೆ ನಿಯಮದ ಲೆಕ್ಕದಲ್ಲಿ 2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್ 4, 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು. ಹಾಗಾಗಿ ಗಾಡಿ ಯಾವ ವರ್ಷದ್ದು ಅಂತ ಕೇಳಿದರೆ ಯಾವ ಪೈಕಿ ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತೆ. ಬಹಳ ಹಳೆಯ ಡೀಸೆಲ್ ಗಾಡಿಗಳಲ್ಲಿ ಡೀಸೆಲ್ ಪಂಪ್ ಮೆಕ್ಯಾನಿಕಲ್, ಯಾವ ಊರಿನ ಮೇಸ್ತ್ರಿಯಾದರೂ ಬಿಚ್ಚಿ ಕಟ್ಟುತ್ತಾನೆ. ಆಮೇಲೆ ಬಂದ ಕಾಮನ್ ರೈಲ್ ಎಂಜಿನ್‌ಗಳು ಮೆತ್ತಗೆ ಓಡುತ್ತವೆ, ಡೀಸೆಲ್ ಕಮ್ಮಿ ಕುಡಿಯುತ್ತವೆ. ಆದರೆ ಅವುಗಳ ಇಂಜೆಕ್ಟರ್‌ಗಳು ಬಹಳ ನಾಜೂಕು. ಡೀಸೆಲ್‌ನಲ್ಲಿ ನೀರು, ಕಸ ಬಂದರೆ ಸಹಿಸೋಲ್ಲ, ಕೆಟ್ಟರೆ ಒಂದೊಂದೇ ಸಾವಿರಗಟ್ಟಲೆ.

ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಹೊಗೆ ಕೊಳವೆಯೊಳಗೆ ಮಸಿ ಹಿಡಿಯುವ, ವಿಷಗಾಳಿ ಕಮ್ಮಿ ಮಾಡುವ ಸಾಧನಗಳೂ ಸೇರಿವೆ. ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿಯನ್ನು ಬರೀ ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸ್ತಾ ಇದ್ದರೆ ಮಸಿ ಸುಟ್ಟುಹೋಗುವಷ್ಟು ಬಿಸಿಯೇ ಆಗೋದಿಲ್ಲ, ಕಟ್ಟಿಕೊಳ್ಳುತ್ತೆ. ಆಗಾಗ ಒಂದರ್ಧ ಗಂಟೆ ಹೈವೇಲಿ ಒಂದೇ ವೇಗದಲ್ಲಿ ಓಡಿಸಬೇಕು. ಡ್ಯಾಷ್‌ಬೋರ್ಡ್‌ನಲ್ಲಿ ಅದರ ದೀಪ ಹತ್ತಿದರೂ 'ನಾಳೆ ನೋಡೋಣ' ಅಂದ್ರೆ ಖರ್ಚು ದೊಡ್ಡದಾಗುತ್ತೆ. ಕೆಲವರು ಈ ಸಾಧನಗಳನ್ನೇ ಕಿತ್ತು ಹಾಕಿ ಮಾರುತ್ತಾರೆ, ಸ್ಕ್ಯಾನರ್ ಹಾಕಿಸಿ ನೋಡಿಸದೆ ಬಿಎಸ್ 6 ಗಾಡಿ ಕೊಳ್ಳಬೇಡಿ. ಕೀ ಆನ್ ಮಾಡಿದಾಗ ಎಂಜಿನ್ ಚಿತ್ರದ ಹಳದಿ ದೀಪ ಒಮ್ಮೆ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದ್ರೂ ಅನುಮಾನವೇ, ಬಲ್ಬ್ ಕಿತ್ತಿರಬಹುದು!

ನನ್ನನ್ನು ಕೇಳಿದರೆ, ಹೆಚ್ಚು ಹೈವೇ ಓಡುವವರಿಗೆ ಬಿಎಸ್ 6, ಬಜೆಟ್ ಕಮ್ಮಿ ಇದ್ದು ಊರ ಮೇಸ್ತ್ರಿಯನ್ನೇ ನಂಬಿರೋರಿಗೆ ಸುಸ್ಥಿತಿಯಲ್ಲಿರುವ ಬಿಎಸ್ 4.

ಕಾಗದ ಪತ್ರ: ಇಲ್ಲೇ ಇರೋದು ನಮ್ಮ ಕೆಲಸ

ಗೆಳತಿಯ ಮೊದಲ ಗಾಡಿಯ ಕಥೆ ಮುಗೀಲಿಲ್ಲ ಅಂದೆನಲ್ಲ. ಮಾರಿ ಎಂಟು ತಿಂಗಳಾದ ಮೇಲೆ ಅವರ ಮನೆಗೆ ಆ್ಯಕ್ಸಿಡೆಂಟ್ ಕೇಸಿನ ನೋಟಿಸ್ ಬಂತು. ಕೊಂಡವನು ಹೆಸರು ಬದಲಾಯಿಸಿಕೊಂಡೇ ಇರಲಿಲ್ಲ. ಸಹಿ ಹಾಕಿದ ಖಾಲಿ ಫಾರಂ ಇಟ್ಟುಕೊಂಡೇ ಓಡಿಸ್ತಿದ್ದ, ಇನ್ಶೂರೆನ್ಸ್ ಬೇರೆ ಮುಗಿದಿತ್ತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಗಾಡಿ ಮಾರಿದ್ದೆವು ಅಂದ್ರೂ ಪರಿಹಾರದ ಹೊಣೆ ತಪ್ಪೋದಿಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲೇ ಹೇಳಿದೆ. ಆ ಆರ್‌ಸಿ ಇದ್ದದ್ದು ಗೆಳತಿಯ ಹೆಸರಲ್ಲಿ! 'ಹೆಂಡತಿ ಹೆಸರಲ್ಲಿ ಮಾಡಿಸಿದೆ' ಅಂತ ಖುಷಿಯಾಗಿ ಹೇಳೋ ಯಜಮಾನರು ಇದ್ದರೆ ಈ ಒಂದು ಪ್ಯಾರಾ ಅವರಿಗೂ ಓದಿ ಹೇಳಿ. ಅವರ ಕೇಸ್ ಇನ್ನೂ ನಡೀತಿದೆ.

ಹಾಗಾಗಿ ಕೊಳ್ಳುವಾಗಲೂ, ಮಾರುವಾಗಲೂ ಟ್ರಾನ್ಸ್‌ಫರ್ ಮುಗಿಯೋ ತನಕ ಬಿಡಬೇಡಿ. ಮಾರುವವರು ಕೊಡುವ ಫಾರಂ 29, ಕೊಳ್ಳುವವರೂ ಸಹಿ ಹಾಕುವ ಫಾರಂ 30. ಕಾನೂನು ಪ್ರಕಾರ ಅದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರಿದ್ದರೆ ಸಾಲ ತೀರಿಲ್ಲ, ಅಥವಾ ತೀರಿದರೂ ತೆಗೆಸಿಲ್ಲ. ಅವರ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಬೇರೆ ಆರ್‌ಟಿಒ ಅಥವಾ ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಂದ ಫಾರಂ 28ರ ಎನ್‌ಒಸಿ ಬೇಕು. ಹೊರ ರಾಜ್ಯದ್ದಕ್ಕೆ ಇಲ್ಲಿನ ತೆರಿಗೆಯನ್ನೂ ಕಟ್ಟಬೇಕಾಗುತ್ತೆ, ರೇಟ್ ಕಮ್ಮಿ ಅಂತ ಹಿಗ್ಗೋ ಮುಂಚೆ ಅದನ್ನೂ ಕೂಡಿಸಿ.

ಎಫ್‌ಸಿ ಯಾವ ತಾರೀಖಿನವರೆಗೆ ಇದೆ ನೋಡಿ. ಗೂಡ್ಸ್ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು, ಗಾಡಿ ಹಳೆಯದಾದಷ್ಟೂ ಶುಲ್ಕ ಏರುತ್ತೆ. ಎಫ್‌ಸಿಗೆ ಮುಂಚೆ ಪೇಂಟು, ಬ್ರೇಕು, ಲೈಟು ಅಂತ ಕೈ ಬಿಚ್ಚಬೇಕು ಬೇರೆ. ಅದಕ್ಕೇ ಎಫ್‌ಸಿ ಮುಗಿಯೋಕೆ ಒಂದು ತಿಂಗಳಿದ್ದಾಗ ಬಹಳ ಗಾಡಿ ಮಾರಾಟಕ್ಕೆ ಬರೋದು! ಗಾಡಿಯ ಒಟ್ಟು ತೂಕ (ಲೋಡ್ ಸೇರಿ) 3,000 ಕೆ.ಜಿ. ದಾಟಿದರೆ ಪರ್ಮಿಟ್ ಬೇಕು, ಒಳಗಿದ್ದರೆ ಬೇಡ. ಏಸ್‌ಗೆ ಈ ತಲೆನೋವಿಲ್ಲ, ದೊಡ್ಡ ಪಿಕಪ್‌ಗಳಿಗೆ ಆರ್‌ಸಿ ನೋಡಿ ಹೇಳಬೇಕು. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಕಡ್ಡಾಯ ಅಂತ ರಾಜ್ಯದಲ್ಲಿ 2023ರಲ್ಲಿ ಆದೇಶವಾಗಿದೆ, ಹಾಕಿಸಿದ್ದಾರಾ ನೋಡಿ. ಪರಿವಾಹನ್ ವೆಬ್‌ಸೈಟ್‌ನಲ್ಲಿ ನಂಬರ್ ಹಾಕಿದರೆ ಎಫ್‌ಸಿ, ಇನ್ಶೂರೆನ್ಸ್ ತಾರೀಖು, ಬಾಕಿ ದಂಡ ಎಲ್ಲ ಸಿಗುತ್ತೆ. ಮಕ್ಕಳ ಕೈಗೆ ಮೊಬೈಲ್ ಕೊಟ್ಟರೆ ಐದು ನಿಮಿಷದ ಕೆಲಸ. ಚಾಸಿ ನಂಬರಿನ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ, ಬಂದ ಅಚ್ಚನ್ನು ಆರ್‌ಸಿ ಜೊತೆ ಅಂಕಿ ಅಂಕಿಯಾಗಿ ಹೋಲಿಸಿ.

ಇನ್ಶೂರೆನ್ಸ್ ಕಾರಿನಷ್ಟೇ ಅಂದುಕೊಂಡಿದ್ದರೆ ಬೆಚ್ಚಿಬೀಳ್ತೀರಿ. 2022ರಲ್ಲಿ ನಿಗದಿಯಾದ ದರದಲ್ಲಿ 1000ದಿಂದ 1500 ಸಿಸಿ ಸ್ವಂತ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ 3,416 ರೂಪಾಯಿ, 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿಗೆ 16,049. ಮೇಲೆ ತೆರಿಗೆ ಬೇರೆ. ಕೊಂಡ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ ನಿಮಗೆ ಬರೋದಿಲ್ಲ. ಸಂಬಳದ ಡ್ರೈವರ್ ಇದ್ದರೆ ಅವನ ಹೊಣೆಯ ರಕ್ಷಣೆಯನ್ನೂ ಪಾಲಿಸಿಗೆ ಸೇರಿಸಿ, ಅದಕ್ಕೆ ತೀರಾ ಕಮ್ಮಿ ದುಡ್ಡು. ಲೈಸೆನ್ಸ್ ವಿಷಯದಲ್ಲಿ ಒಂದು ಸಮಾಧಾನ ಇದೆ. ಸಾಧಾರಣ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ಗಾಡಿ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ.

ತಿಂಗಳ ಲೆಕ್ಕ ಬರೆದಿಡಿ

ಗಾಡಿಯ ರೇಟ್ ಅನ್ನೋದು ಖರ್ಚಿನ ಶುರು ಅಷ್ಟೇ. ದಿನಕ್ಕೆ 60 ಕಿ.ಮೀ., ತಿಂಗಳಿಗೆ 26 ದಿನ ಅಂದ್ರೆ 1,560 ಕಿ.ಮೀ. ಲೀಟರಿಗೆ 13 ಕಿ.ಮೀ. ಕೊಟ್ಟರೆ 120 ಲೀಟರ್. ಲೀಟರಿಗೆ 90 ರೂಪಾಯಿ ಅಂತಿಟ್ಟುಕೊಂಡರೂ 10,800 ಡೀಸೆಲ್‌ಗೇ. ಅದರ ಮೇಲೆ ಕಂತು, ಡ್ರೈವರ್ ಸಂಬಳ, ಇನ್ಶೂರೆನ್ಸ್‌ನ ತಿಂಗಳ ಪಾಲು, ಟೈರಿಗೆ ಅಂತ ಒಂದಿಷ್ಟು. ಈಗ ಬಾಡಿಗೆ ಆಟೋಗೆ ಕೊಡ್ತಿರೋದಕ್ಕಿಂತ ಇದು ಹೆಚ್ಚಾಗ್ತಿದ್ರೆ ಬಾಡಿಗೆ ಆಟೋನೇ ವಾಸಿ, ಅದರಲ್ಲಿ ಅವಮಾನ ಏನಿಲ್ಲ. ಕೊಳ್ಳೋದೇ ಅಂದ್ರೆ ಕೈಯಲ್ಲಿರುವ ಎಲ್ಲವನ್ನೂ ಗಾಡಿಗೆ ಹಾಕಬೇಡಿ. ಹೊಸದಾಗಿ ತಂದ ಹಳೇ ಗಾಡಿ ಮೊದಲ ಆರು ತಿಂಗಳಲ್ಲಿ ಏನಾದರೊಂದು ಕೇಳೇ ಕೇಳುತ್ತೆ, ರೇಟಿನ ಹತ್ತರಲ್ಲೊಂದು ಪಾಲಾದರೂ ಪಕ್ಕಕ್ಕಿರಲಿ.

ಮನೆಗೆ ತಂದ ವಾರದಲ್ಲೇ, ಹಿಂದಿನವರು ಈಗಷ್ಟೇ ಮಾಡಿಸಿದ್ದೇವೆ ಅಂದರೂ, ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಕೂಲೆಂಟ್ ಎಲ್ಲ ಬದಲಾಯಿಸಿ. ಗ್ರೀಸ್ ಹೊಡೆಸಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಸಾಮಾನು ಸಿಗುತ್ತೆ, ಆದರೆ ಫಿಲ್ಟರ್ ವಿಷಯದಲ್ಲಿ ಅಗ್ಗದ ಡೂಪ್ಲಿಕೇಟ್ ಬೇಡ, ಇನ್ನೂರು ರೂಪಾಯಿ ಉಳಿಸಲು ಹೋಗಿ ಇಂಜೆಕ್ಟರ್ ಕಳ್ಕೊಳ್ಳಬೇಕಾಗುತ್ತೆ. ಆಮೇಲಿನ ಸರ್ವಿಸ್ ಎಷ್ಟು ಕಿಲೋಮೀಟರಿಗೆ ಅಂತ ಆ ಗಾಡಿಯ ಪುಸ್ತಕದಲ್ಲಿರುತ್ತೆ, ಮಾಡೆಲ್‌ಗೆ ತಕ್ಕ ಹಾಗೆ ಬೇರೆ ಬೇರೆ. ಧೂಳಿನ ರಸ್ತೆಯಲ್ಲಿ ಓಡೋದಾದರೆ ಏರ್ ಫಿಲ್ಟರ್ ಇನ್ನೂ ಬೇಗ ನೋಡಬೇಕು.

ಡ್ರೈವರ್‌ಗೆ ಹೇಳಬೇಕಾದ್ದು ನಾಲ್ಕು ಮಾತು ಸಾಕು. ಡೀಸೆಲ್ ಟ್ಯಾಂಕ್ ಪೂರ್ತಿ ಖಾಲಿಯಾಗೋ ತನಕ ಓಡಿಸಬಾರದು, ತಳದ ಕಸ, ಗಾಳಿ ಎಳೆದುಕೊಂಡು ಗಾಡಿ ನಿಂತುಬಿಡುತ್ತೆ. ಡೀಸೆಲ್ ಫಿಲ್ಟರಿನ ಕೆಳಗೆ ನೀರು ಬಿಡುವ ತಿರುಪು ಇದ್ದರೆ ಆಗಾಗ ಬಿಚ್ಚಿ ನೀರು ತೆಗೀಬೇಕು, ಮಳೆಗಾಲದಲ್ಲಂತೂ ಖಂಡಿತ. ಟರ್ಬೊ ಗಾಡಿಯನ್ನು ದೂರದಿಂದ ಓಡಿಸಿ ತಂದ ತಕ್ಷಣ ಆಫ್ ಮಾಡದೆ ಅರ್ಧ ಒಂದು ನಿಮಿಷ ಹಾಗೇ ಓಡಲು ಬಿಡಬೇಕು. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಬಾರದು. ಬೆಳಿಗ್ಗೆ ಅವರು ಕಾಫಿ ಕುಡಿಯೋಷ್ಟರಲ್ಲಿ ಆಯಿಲ್, ಕೂಲೆಂಟ್, ಟೈರ್ ಗಾಳಿ ಮೂರನ್ನು ಯಾರಾದರೂ ನೋಡಿಬಿಡಬಹುದು. ಗೆಳತಿಯ ಮನೆಯಲ್ಲಿ ಈಗ ಆ ಕೆಲಸ ಪಿಯುಸಿ ಓದುವ ಮಗಳದ್ದು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಡೀಸೆಲ್ ಲೀಟರ್, ಕಿಲೋಮೀಟರ್ ಬರೀತಾಳೆ. ಲೀಟರಿಗೆ ಹದಿಮೂರು ಕೊಡ್ತಿದ್ದ ಗಾಡಿ ಹನ್ನೊಂದಕ್ಕೆ ಇಳಿದಾಗ ಮೊದಲು ಹಿಡಿದದ್ದೂ ಅವಳೇ. ನೋಡಿದರೆ ಏರ್ ಫಿಲ್ಟರ್ ಕಟ್ಟಿಕೊಂಡಿತ್ತು.

ದುಡ್ಡು ಕೊಡುವ ದಿನದ ಬಗ್ಗೆ ಒಂದು ಮಾತು. ಅಡ್ವಾನ್ಸ್ ಆಗಲಿ, ಪೂರ್ತಿ ಹಣವಾಗಲಿ ಬ್ಯಾಂಕ್ ಮೂಲಕವೇ, ಅದೂ ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹೋಗಲಿ, ಬ್ರೋಕರ್ ಖಾತೆಗೆ ಬೇಡ. ಗಾಡಿ ಕೈಗೆ ಬಂದ ತಾರೀಖು, ಗಂಟೆ, ನಿಮಿಷ ಬರೆದು ಇಬ್ಬರೂ ಸಹಿ ಹಾಕಿದ ಡೆಲಿವರಿ ನೋಟ್ ಮಾಡಿಸಿ. ಆ ಗಂಟೆಗಿಂತ ಮುಂಚಿನ ದಂಡ, ಕೇಸು ಅವರದ್ದು, ಆಮೇಲಿನದ್ದು ನಿಮ್ಮದು ಅಂತ ಅದರಲ್ಲೇ ಬರೆಸಿ. ಎರಡನೇ ಕೀ, ಟೂಲ್ ಕಿಟ್, ಜಾಕ್, ಹಳೇ ಸರ್ವಿಸ್ ಬಿಲ್ಲುಗಳನ್ನು ಅವತ್ತೇ ಕೇಳಿ ಇಸ್ಕೊಳ್ಳಿ, ನಾಳೆ ಕೊಡ್ತೀನಿ ಅಂದ್ರೆ ಬರೋದಿಲ್ಲ. ಹೊಸ ಆರ್‌ಸಿ ಬಂದಾಗ ಹೆಸರು, ವಿಳಾಸ, ಚಾಸಿ ನಂಬರ್ ಮೂರೂ ಸರಿಯಿದೆಯಾ ನೋಡಿ, ಎರಡು ಜೆರಾಕ್ಸ್ ತೆಗೆಸಿ ಒಂದನ್ನು ಗಾಡಿಯಲ್ಲಿಡಿ, ಇನ್ನೊಂದನ್ನು ಬಳೆ ಅಡ ಇಟ್ಟ ಚೀಟಿಯ ಜೊತೆಗೇ ಬೀರುವಿನಲ್ಲಿ ಇಡಿ.